ಮಲಗಿದವರ ಅರಿವೆ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಅದರ ಬೆನ್ನಿಗೇ ಒಣಗಿದ ಬೇವಿನೆಲೆಯ ಕಹಿ. ಅದಕ್ಕೂ ಹಿಂದೆ, ಸಿಕ್ಕಿತು ಅನ್ನುವಷ್ಟರಲ್ಲಿ ತಪ್ಪಿಸಿಕೊಳ್ಳುವ ಹಾಗೆ, ಹಳೆಯ ಹತ್ತಿಯ ವಾಸನೆ. ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹತ್ತಿಯ ವಾಸನೆ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಬೇರೆಯವರಿಗೆ ವಿವರಿಸಿ ಪ್ರಯೋಜನವಿಲ್ಲ. ಟ್ರಂಕು ನನ್ನ ಸೋದರತ್ತೆ ರತ್ನತ್ತೆಯದು. ಅತ್ತೆ ತೀರಿಕೊಂಡ ಮೇಲೆ ಆಕೆಯ ಮಗಳು ಅದನ್ನು ಅರಕೇರಾದಿಂದ ಬಸ್ಸಿನಲ್ಲಿ ತಂದು, "ಇದು ನಿನಗ ಕೊಡು ಅಂತ ಅವ್ವ ಹೇಳಿದ್ಲು" ಎಂದು ನನ್ನ ಮುಂದಿಟ್ಟು ಹೋಗಿದ್ದಳು. ಒಳಗೆ ಒಂದು ಕಸೂತಿ ಕತ್ತರಿ, ಮಡಚಿದ ಟವೆಲಿನಲ್ಲಿ ಸುತ್ತಿದ ಒಂದು ಅರಿವೆ ಗೊಂಬೆ. ಗೊಂಬೆ ನನ್ನದೇ. ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿ ಇಣುಕುತ್ತಿತ್ತು, ಒಂದು ಕಣ್ಣು ಅಳಿಸಿತ್ತು, ಸೊಂಟದಲ್ಲಿ ಮಾತ್ರ ನೀಲಿ ಟೆರಿಕಾಟಿನ ಲಂಗ ನಿನ್ನೆ ಹೊಲಿಸಿದಷ್ಟು ಗಟ್ಟಿಯಾಗಿತ್ತು. ಆ ಲಂಗ ಯುದ್ಧದಲ್ಲಿ ಗೆದ್ದು ತಂದದ್ದು. ನಗಬೇಡಿ, ನಿಜವಾಗಿಯೂ ಯುದ್ಧದಲ್ಲೇ. ಗೊಂಬೆಯ ಮೈಮೇಲೆ ನಾನು ಉಡಿಸದ ಇನ್ನೊಂದು ಅರಿವೆಯೂ ಇತ್ತು. ಅದರ ಮಾತು ಆಮೇಲೆ.

ನಮ್ಮ ಮನೆ ಇದ್ದದ್ದು ದೇವದುರ್ಗದಲ್ಲಿ. ಮಣ್ಣಿನ ಮಾಳಿಗೆಯ ಮನೆ, ಮುಂದೆ ಕಟ್ಟೆ, ಕಟ್ಟೆಯ ಪಕ್ಕ ಬೇವಿನ ಗಿಡ, ಒಳಗೆ ಪರಸಿ ಕಲ್ಲು ಹಾಸಿದ ಉದ್ದನೆಯ ಪಡಸಾಲೆ. ಬೇಸಿಗೆಯಲ್ಲಿ ಆ ಕಲ್ಲಿಗೆ ನೀರು ಚಿಮುಕಿಸಿ ಬರಿಮೈಯಲ್ಲಿ ಮಲಗಿದರೆ ಸಿಗುತ್ತಿದ್ದ ತಂಪನ್ನು ಈಗಿನ ಯಾವ ಯಂತ್ರವೂ ಕೊಡಲಾರದು. ನಮ್ಮ ಮುತ್ಯಾ ರಾಯಚೂರಿನ ಹತ್ತಿ ಬಿಡಿಸುವ ಜಿನ್ನಿನಲ್ಲಿ ಹಮಾಲಿ ಮಾಡಿ ಬೆನ್ನು ಬಾಗಿಸಿಕೊಂಡು ಊರಿಗೆ ಬಂದಿದ್ದವನು. ಬೆನ್ನು ಬಾಗಿದರೂ ಮೀಸೆ ಬಾಗಿರಲಿಲ್ಲ. ಅವನು ಕೆಮ್ಮಿದರೆ ಬೀದಿಯ ನಾಯಿಗಳು ಎದ್ದು ಜಾಗ ಬದಲಿಸುತ್ತಿದ್ದವು. ಅವನ ಮಗ, ನನ್ನ ಅಪ್ಪ, ತಾಲೂಕು ಕಚೇರಿಯ ಗುಮಾಸ್ತ. ಮಗಳು ರತ್ನತ್ತೆ ರಾಯಚೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ, ನಮ್ಮ ಓಣಿಯಿಂದ ನೌಕರಿಗೆ ಹೋದ ಮೊದಲ ಹೆಂಗಸು ಎನಿಸಿಕೊಂಡಿದ್ದಳು. ಜೊತೆಗೆ ನಾನು, ನನ್ನ ವಾರಿಗೆಯ ಚಿಕ್ಕಪ್ಪನ ಮಗಳು ಸಾವಿತ್ರಿ, ಮತ್ತು ಈ ಎಲ್ಲರನ್ನೂ ಬಾಯಿಯಲ್ಲೇ ಆಳುತ್ತಿದ್ದ ಆಯಿ, ಅಂದರೆ ಅಪ್ಪನ ಅವ್ವ.

ಆಯಿಗೆ ಓದು ಬರುತ್ತಿರಲಿಲ್ಲ, ಪುರಾಣ ಬರುತ್ತಿತ್ತು. ಆದರೆ ಪುರಾಣ ಹೇಳುವಾಗ ಆಕೆಗೊಂದು ದೊಡ್ಡ ಅಡಚಣೆ ಇತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಬಾರದು. ಮದುವೆ, ಸೋಬಾನೆಗಳಲ್ಲಿ ಒಡಪು ಕಟ್ಟಿ ಹೇಳಿದರೆ ಅಷ್ಟೇ. ನಮ್ಮ ಮುತ್ಯಾನ ಹೆಸರೋ, ಆ ದೊಡ್ಡ ಕಥೆಯ ಬಿಲ್ಲುಗಾರ ವೀರನದೇ. ಮುತ್ಯಾನ ಅಣ್ಣಂದಿರಿಗೆ ಆ ವೀರನ ಅಣ್ಣಂದಿರ ಹೆಸರು, ಭಾವಂದಿರ ಹೆಸರನ್ನೂ ಹೇಳುವಂತಿಲ್ಲ. ಹೀಗಾಗಿ ಇಡೀ ಪುರಾಣದಲ್ಲಿ ಆಯಿಯ ಬಾಯಿಗೆ ದಕ್ಕುವ ಹೆಸರೇ ಉಳಿದಿರಲಿಲ್ಲ. ಆಕೆ ದಾರಿ ಕಂಡುಕೊಂಡಿದ್ದಳು. ವೀರನ ಹೆಸರು ಬರುವಲ್ಲೆಲ್ಲ "ನಿಮ್ಮ ಮುತ್ಯಾ" ಅನ್ನುತ್ತಿದ್ದಳು. ಅವನ ಅಣ್ಣಂದಿರು "ನಿಮ್ಮ ದೊಡ್ಡ ಮುತ್ಯಾಗೋಳು". ಆದ್ದರಿಂದ ನಮ್ಮ ಮುತ್ಯಾ ಮೀನಿನ ಕಣ್ಣಿಗೆ ಬಾಣ ಹೊಡೆದದ್ದು, ಕಾಡಿಗೆ ಹೋದದ್ದು, ವೇಷ ಮರೆಸಿಕೊಂಡು ರಾಜನ ಮನೆಯಲ್ಲಿ ಸೀರೆ ಉಟ್ಟು, ಬಳೆ ತೊಟ್ಟು, ರಾಜಕುಮಾರಿಗೆ ಕುಣಿತ ಕಲಿಸಿದ್ದು ಎಲ್ಲ ನಮಗೆ ಮನೆಯ ಸುದ್ದಿಯಾಗಿತ್ತು. ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತ ಬೀಡಿ ಸೇದುವ ಮುತ್ಯಾನನ್ನು ಕದ್ದು ನೋಡಿ ನಾನೂ ಸಾವಿತ್ರಿಯೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದೆವು. ಅವನಿಗೆ ಇದೊಂದೂ ಗೊತ್ತಿರಲಿಲ್ಲ.

ನಮಗೆ ಎಷ್ಟು ಸಲ ಕೇಳಿದರೂ ಸಾಲದ ಭಾಗವೆಂದರೆ ದನ ಹೊಡೆದುಕೊಂಡು ಹೋದದ್ದು. ದೊಡ್ಡ ದೊಡ್ಡ ದೊರೆಗಳು, ಗುರುಗಳು ದಂಡು ಕಟ್ಟಿಕೊಂಡು ಬಂದು ಆ ರಾಜನ ದನಗಳನ್ನು ಲೂಟಿ ಹೊಡೆದು ಹೊರಟರು. ರಾಜ ಊರಲ್ಲಿಲ್ಲ. ಬಾಯಿ ಬಡಾಯಿಯ ರಾಜಕುಮಾರನನ್ನು ರಥದಲ್ಲಿ ಕೂರಿಸಿಕೊಂಡು ಸೀರೆ ಉಟ್ಟ ನಿಮ್ಮ ಮುತ್ಯಾ ಯುದ್ಧಕ್ಕೆ ಹೊರಟ. ಆಗ ಕುಣಿತ ಕಲಿಯುತ್ತಿದ್ದ ಆ ರಾಜಕುಮಾರಿ ಓಡಿ ಬಂದು, ದನ ಬಿಡಿಸಿಕೊಂಡು ಬಾ ಅನ್ನಲಿಲ್ಲ, ಹುಷಾರು ಅನ್ನಲಿಲ್ಲ. "ನನ್ನ ಗೊಂಬಿಗಿ ಅರಿವಿ ತರ್ರಿ" ಅಂದಳು. ವೈರಿಗಳು ತೊಟ್ಟ ಬಣ್ಣಬಣ್ಣದ ಪಟ್ಟೆ ಪೀತಾಂಬರ ಬೇಕು ಅಂದಳು. ನಿಮ್ಮ ಮುತ್ಯಾ ಹೋಗಿ ಎಂಥದೋ ಒಂದು ಬಾಣ ಬಿಟ್ಟ, ದಂಡಿಗೆ ದಂಡೇ ನಿದ್ದೆ ಹೋದ ಹಾಗೆ ಬಿತ್ತು. ಆಗ ಅವನಿಗೆ ಹುಡುಗಿಯ ಮಾತು ನೆನಪಾಗಿ, ರಾಜಕುಮಾರನಿಗೆ ಹೇಳಿದ: ಇಳಿ, ಗುರುಗಳ ಮೈಮೇಲಿನ ಬಿಳಿ ಅರಿವೆ ತಗೋ, ಆ ಇನ್ನೊಬ್ಬನ ಹಳದಿ ತಗೋ, ದೊರೆಯ ನೀಲಿ ತಗೋ. "ಆದ್ರ ಅಲ್ಲಿ ನೋಡು, ಬಿಳಿ ಗಡ್ಡದ ಹಿರಿಯ. ಆತನ್ನ ಮುಟ್ಟಬ್ಯಾಡ. ಆತ ಮಲಗಿಲ್ಲ, ಆತಗ ಈ ಬಾಣಕ್ಕ ಮದ್ದು ಗೊತ್ತದ. ಆತನ ಎಡಕ್ಕ ಬಿಟ್ಟು ಸುತ್ತಿ ಬಾ" ಎಂದ. ಹೋಗುವಾಗ ನಿಮ್ಮ ಮುತ್ಯಾ ಆ ಹಿರಿಯನ ಪಾದಕ್ಕೆ ಬಾಣದಿಂದಲೇ ನಮಸ್ಕಾರ ಮಾಡಿದ. ಇಲ್ಲಿಗೆ ಬಂದಾಗ ಆಯಿಯ ದನಿ ಸಣ್ಣಗಾಗುತ್ತಿತ್ತು.

ಒಮ್ಮೆ ಸಾವಿತ್ರಿ ಕೇಳಿದಳು, ಹಾಗಾದರೆ ನಮ್ಮ ಮುತ್ಯಾನೂ ಕಳ್ಳನೇ ಅಲ್ಲವೇ, ಅವರು ದನ ಕದ್ದರು, ಇವನು ಬಟ್ಟೆ ಕದ್ದ. ಆಯಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಯೋಚನೆ ಮಾಡಿದಳು. ಆಮೇಲೆ ಹೇಳಿದಳು: "ದನಾ ಒಯ್ದವರಿಗಿ ಹಸಿವಿಲ್ಲ, ಹಂಗೂ ಒಯ್ದರು. ಅದು ಲೂಟಿ. ಈ ಹುಡುಗಿ ಕೇಳಿದ್ದು ಗೊಂಬಿಗಿ. ರಕ್ತ ಹತ್ತಿದ ಅರಿವಿ ಗೊಂಬಿಗಿ ಬರತದೇನು? ಬರಂಗಿಲ್ಲ. ಹಂಗಾಗಿ ನಿಮ್ಮ ಮುತ್ಯಾ ಯಾರನ್ನೂ ಕೊಲ್ಲದಂಗ ಮಲಗಿಸಬೇಕಾತು. ಸತ್ತವರ ಅರಿವಿ ಅಲ್ಲವ್ವಾ ಅದು, ಮಲಗಿದವರ ಅರಿವಿ. ಎದ್ದು ಮನಿಗಿ ಹೋಗ್ಯಾರ ಅವರೆಲ್ಲಾ." ನಾನು ಅಷ್ಟಕ್ಕೇ ಬಿಡದೆ, ಮುಂದಿನ ದೊಡ್ಡ ಯುದ್ಧದಲ್ಲಿ ಆ ರಾಜಕುಮಾರಿ ಏನು ತರಲು ಹೇಳಿದಳು ಎಂದು ಕೇಳಿದೆ. ಆಯಿ ಎಲೆಯನ್ನು ಬಾಯಿಗಿಟ್ಟುಕೊಂಡಳು. ಬಾಯಿ ತುಂಬಿದೆ, ಆಮೇಲೆ ಹೇಳುತ್ತೇನೆ ಎಂದು ಕೈ ಮಾಡಿದಳು. ಆ 'ಆಮೇಲೆ' ಬರಲು ಹತ್ತು ವರ್ಷ ಹಿಡಿಯಿತು.

ಈಗ ರತ್ನತ್ತೆಯ ಮಾತು. ಆಕೆಯನ್ನು ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ಮದುವೆಯಾದ ಮೇಲೆ ನೌಕರಿ ಬಿಡಬೇಕು ಎಂದು ಹೇಳಿ ಹೋಗುತ್ತಿದ್ದರು. ಬಿಡುವುದಿಲ್ಲ ಎಂದು ಅತ್ತೆ ಬಾಗಿಲ ಮರೆಯಿಂದಲೇ ಹೇಳಿ ಕಳಿಸುತ್ತಿದ್ದಳು. ಓಣಿಯವರು ಸೊಕ್ಕು ಅಂದರು. ಮುತ್ಯಾ ಕೆಮ್ಮಿದ. ಅಷ್ಟರಲ್ಲಿ ಅರಕೇರಾದ ಒಬ್ಬ ಪ್ರೈಮರಿ ಸಾಲೆಯ ಮಾಸ್ತರರ ಸಂಬಂಧ ಬಂತು. ಅತ್ತೆ ಟ್ರೈನಿಂಗಿನಲ್ಲಿದ್ದಾಗ ಅವರನ್ನು ರಾಯಚೂರಿನಲ್ಲಿ ಒಂದು ಸಲ ನೋಡಿದ್ದಳಂತೆ. ಏನು ನೋಡಿದಳು, ಎಷ್ಟು ನೋಡಿದಳು ಎಂದು ನಮಗೆ ಹೇಳಲಿಲ್ಲ, ಆದರೆ ಆ ಸುದ್ದಿ ಬಂದ ದಿನದಿಂದ ಆಕೆ ರೊಟ್ಟಿ ಬಡಿಯುವಾಗ ಹಾಡು ಗುನುಗತೊಡಗಿದಳು. ಆ ಮಾಸ್ತರರು ನೌಕರಿ ಬಿಡಿಸುವ ಮಾತು ಆಡಿರಲಿಲ್ಲ. ಈ ಸಂಬಂಧ ತಪ್ಪಿದರೆ ತಾನು ಮದುವೆಯೇ ಆಗುವುದಿಲ್ಲ ಎಂದು ಅತ್ತೆ ನಮ್ಮಿಬ್ಬರ ಮುಂದೆ ಹೇಳಿದ್ದಳು. ಆಕೆ ಆಡಿದ ಮಾತಿಗೆ ತಪ್ಪುವವಳಲ್ಲ ಎಂಬುದು ನಮಗೆ ಗೊತ್ತಿತ್ತು.

ಅರಕೇರಾದಿಂದ ಮೂವರು ಬಂದರು. ಮಾಸ್ತರರಿಗೆ ತಂದೆ ಇರಲಿಲ್ಲ, ಅಜ್ಜ ಇದ್ದರು: ಬಿಳಿ ಗಡ್ಡ, ಹೆಗಲ ಮೇಲೆ ಟವೆಲು, ಮಾತು ಕಡಿಮೆ. ಜೊತೆಗೆ ಮಾಪಣ್ಣ ಎಂಬ ಸೋದರಮಾವ. ಮಾಸ್ತರರನ್ನು ಓದಿಸಿದವರು ತಾವೇ ಎಂಬುದನ್ನು ಬಸ್ಸಿನಿಂದ ಇಳಿದು ಮನೆ ಮುಟ್ಟುವಷ್ಟರಲ್ಲಿ ಓಣಿಗೆಲ್ಲ ತಿಳಿಸಿದ್ದರು. ಅವರ ತಲೆಯ ಮೇಲೆ ಸಾಸಿವೆ ಹೂವಿನಂಥ ಹಳದಿ ರುಮಾಲು, ಸೊಂಟಕ್ಕೆ ಬೆಳ್ಳನೆಯ ಧೋತರ. ಮಾಸ್ತರರು ನೀಲಿ ಬೆಲ್ ಬಾಟಮ್ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಅಂಥ ಪ್ಯಾಂಟು ನಮ್ಮ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಪ್ಯಾಂಟಿನ ತುದಿ ಎಷ್ಟು ಅಗಲವೆಂದರೆ, ಅವರು ಕಟ್ಟೆ ಹತ್ತುವಾಗ ಅಂಗಳದ ಕಸವೂ ಒಂದಿಷ್ಟು ಜೊತೆಯಲ್ಲೇ ಹತ್ತಿತು. ಸಾವಿತ್ರಿ ನನ್ನ ಮೊಣಕೈ ತಿವಿದಳು. ಬಿಳಿ, ಹಳದಿ, ನೀಲಿ. ಬಿಳಿ ಗಡ್ಡದ ಹಿರಿಯ. ಕಥೆ ತಾನಾಗಿಯೇ ಮನೆಗೆ ನಡೆದು ಬಂದಿತ್ತು.

ಮಾತೆಲ್ಲ ಸಲೀಸಾಗಿ ಮುಗಿಯಿತು. ಮಾಪಣ್ಣ ಮಾತ್ರ ಹುಡುಗಿ ನೌಕರಿ ಮಾಡಿದರೆ ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೊಕ್ಕೆ ಹಾಕಿದರು. ಎಲ್ಲರೂ ಹಿರಿಯರ ಮುಖ ನೋಡಿದರು. ಅವರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, "ಬಸ್ಸು ಸಂಜಿಗಿ ಅದ. ಮಲಗಿ ಎದ್ದು ಹೇಳ್ತೀನಿ" ಅಂದರು. ಅಂದರೆ ರತ್ನತ್ತೆಯ ಬಾಳು ಒಂದು ನಿದ್ದೆಯ ಆಚೆ ಕೂತಿತ್ತು. ಪಡಸಾಲೆಗೆ ನೀರು ಚಿಮುಕಿಸಿ ಜಮಖಾನೆ ಹಾಸಿದರು. ಮುತ್ಯಾನ ಚೌಕಳಿ ಲುಂಗಿ ಕೊಟ್ಟು ಮಾಸ್ತರರನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಪ್ಯಾಂಟು ಗೂಟಕ್ಕೆ ನೇತುಬಿತ್ತು. ಹೋಳಿಗೆ, ಕಟ್ಟಿನ ಸಾರು, ಹೊರಗೆ ಉರಿಬಿಸಿಲು. ಆಯಿಯ ಕಥೆಯ ಬಾಣಕ್ಕೂ ಅಷ್ಟು ಬಲವಿರಲಿಕ್ಕಿಲ್ಲ. ಮಾಪಣ್ಣನ ಗೊರಕೆಗೆ ಮಾಳಿಗೆಯ ಮಣ್ಣು ಉದುರುತ್ತಿತ್ತು. ಮುತ್ಯಾ, ಅಪ್ಪ ಎಲ್ಲರೂ ಉರುಳಿದ್ದರು. ಹೆಂಗಸರು ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು, ರತ್ನತ್ತೆ ಉಣ್ಣದೆ ಕೂತಿದ್ದಳು.

ನಾವು ಅತ್ತೆಯ ಕಸೂತಿ ಕತ್ತರಿ ಎತ್ತಿಕೊಂಡೆವು. ನನಗೆ ಒಂದು ಚೂರೂ ಹೆದರಿಕೆಯಾಗಲಿಲ್ಲ, ಯಾಕೆಂದರೆ ಇದು ನಮ್ಮ ಮುತ್ಯಾ ಮಾಡಿದ ಕೆಲಸ. ಮೊದಲು ಮಾಪಣ್ಣನ ಧೋತರದ ಮೂಲೆಯಿಂದ ಬಿಳಿ. ಆಮೇಲೆ ತಲೆದೆಸೆಗೆ ಬಿಚ್ಚಿಟ್ಟಿದ್ದ ರುಮಾಲಿನ ಚುಂಗಿನಿಂದ ಹಳದಿ. ಇಬ್ಬರು ವೀರರ ಪಾಲನ್ನು ಅವರೊಬ್ಬರಿಂದಲೇ ವಸೂಲು ಮಾಡಿದೆವು. ಕೋಣೆಗೆ ಹೋಗಿ ಗೂಟದ ಪ್ಯಾಂಟಿನ ಒಂದು ಕಾಲಿನ ತುದಿಯನ್ನು ಸುತ್ತಲೂ ಕತ್ತರಿಸಿದೆವು. ಟೆರಿಕಾಟು ಗಟ್ಟಿ, ಸಾವಿತ್ರಿ ಎರಡೂ ಕೈ ಹಾಕಬೇಕಾಯಿತು. ಮಾಸ್ತರರು ಗೋಡೆಗೆ ಮುಖ ಮಾಡಿ ಮಗುವಿನ ಹಾಗೆ ಮಲಗಿದ್ದರು. ಬರುವಾಗ ಹಿರಿಯರ ಹತ್ತಿರ ಬಂದೆವು. ಕಣ್ಣು ಮುಚ್ಚಿತ್ತು, ಆದರೆ ನಾವು ಮೋಸ ಹೋಗಲಿಲ್ಲ. ಅವರು ಮಲಗಿಲ್ಲ ಎಂದು ಕಥೆಯಲ್ಲೇ ಇತ್ತಲ್ಲ. ಅವರ ಟವೆಲು ಮುಟ್ಟದೆ, ಅವರನ್ನು ಎಡಕ್ಕೆ ಬಿಟ್ಟು ಸುತ್ತಿ, ಕಾಲ ಬಳಿ ನಿಂತು, ಕತ್ತರಿ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿ, ಓಡಿದೆವು.

ಗೊಂಬೆಗಳನ್ನು ಎತ್ತಿಕೊಂಡು ಓಡಿದ್ದು ಪಕ್ಕದ ಮನೆಗೆ, ಖಾದರ್ ಚಾಚಾನ ಹತ್ತಿರ. ಚಾಚಾ ದರ್ಜಿ. ಮನೆಯ ಮುಂದಿನ ಕಟ್ಟೆಯ ಮೇಲೆಯೇ ಅವನ ಮಷೀನು. ನಮ್ಮ ಗೊಂಬೆಗಳಿಗೆ ಉಳಿದ ಚೂರುಗಳಲ್ಲಿ ಅಂಗಿ ಹೊಲಿದುಕೊಡುವುದು ಅವನ ಬಿಡುವಿನ ಕೆಲಸ. ಬಿಳಿ ಚೂರು ಒಂದು ಗೊಂಬೆಗೆ ಕುಪ್ಪಸವಾಯಿತು, ಹಳದಿ ಇನ್ನೊಂದಕ್ಕೆ ಸೆರಗಾಯಿತು. ನೀಲಿಯನ್ನು ನೆರಿಗೆ ಹಿಡಿದು ಲಂಗ ಮಾಡಿ, ಸೊಂಟಕ್ಕೆ ಕೈಹೊಲಿಗೆ ಹಾಕುವಾಗ ಅವನ ಬೆರಳು ನಿಂತಿತು. ಅರಿವೆಯನ್ನು ಉಜ್ಜಿ ನೋಡಿದ. "ಅರೇ ಬೇಟೀ, ಯೇ ಕಪಡಾ ಕಾಂ ಸೇ ಲಾಯೀ? ಹೊಸಾ ಮಾಲು ಅದ. ಯಾರು ಕೊಟ್ರು?" ಎಂದು ಕೇಳಿದ. "ಕೊಟ್ಟಿಲ್ಲ ಚಾಚಾ, ಗೆದ್ದು ತಂದೀವಿ" ಎಂದು ಸಾವಿತ್ರಿ ಹೆಮ್ಮೆಯಿಂದ ಹೇಳಿದಳು. ಅದೇ ಹೊತ್ತಿಗೆ ನಮ್ಮ ಮನೆಯಿಂದ ಮಾಪಣ್ಣನ ಕೂಗು ಕೇಳಿತು.

ಅವರು ಎದ್ದು ಚಹಾಕ್ಕೆ ಮೊದಲು ರುಮಾಲು ಸುತ್ತಿಕೊಂಡಿದ್ದರಂತೆ. ಕೊನೆಯ ಚುಂಗು ಸಿಗಲಿಲ್ಲ. ಸುತ್ತು ತಪ್ಪಿತೆಂದು ಬಿಚ್ಚಿ ಮತ್ತೆ ಸುತ್ತಿದರು, ಮತ್ತೆ ಸಿಗಲಿಲ್ಲ. ತಲೆ ದಪ್ಪವಾಯಿತೋ ಏನೋ ಎಂದು ತಡವಿ ನೋಡಿಕೊಂಡು ಎದ್ದು ನಿಂತರೆ, ಧೋತರದ ಮೂಲೆಯಲ್ಲಿ ಕಿಟಕಿ. ಅಷ್ಟರಲ್ಲಿ ಕೋಣೆಯಿಂದ ಮಾಸ್ತರರು ಹೊರಗೆ ಬಂದರು. ಪ್ಯಾಂಟಿನ ಒಂದು ಕಾಲು ಘಂಟೆಯ ಹಾಗೆ ಅಗಲ, ಇನ್ನೊಂದು ಆ ಘಂಟೆಯ ನಾಲಿಗೆಯ ಹಾಗೆ ಸಣ್ಣ. ಪಾಪ, ಅವರು ತಮ್ಮ ಬೋಳು ಕಣಕಾಲನ್ನೇ ನೋಡುತ್ತ ನಿಂತಿದ್ದರು. ಹೆಣ್ಣು ನೋಡಲು ಬಂದವರ ಅರಿವೆಗೆ ಕತ್ತರಿ ಬೀಳುವುದು ಎಂಥ ಅಪಶಕುನ ಎಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ. "ಇದೇನು ಮನೀನೋ ಲೂಟಿ ಮಾಡವರ ಠಾವೋ? ಮಲಗಿದವರ ಮೈಮ್ಯಾಲಿಂದು ಕೊಯ್ಯತಾರ! ನಡೀರಿ, ಈ ಸಂಬಂಧ ಬ್ಯಾಡ" ಎಂದು ಮಾಪಣ್ಣ ಚಪ್ಪಲಿ ಹುಡುಕತೊಡಗಿದರು. ನಾವು ಬಾಗಿಲಿಗೆ ಬಂದಾಗ ನನಗೆ ಕಂಡದ್ದು ರತ್ನತ್ತೆಯ ಮುಖ. ಆಕೆ ನಮ್ಮ ಕೈಯಲ್ಲಿದ್ದ ತನ್ನ ಕತ್ತರಿಯನ್ನು ನೋಡಿದಳು. ಅಡುಗೆಮನೆಯ ಕಂಬ ಹಿಡಿದುಕೊಂಡು ಕೆಳಗೆ ಕೂತುಬಿಟ್ಟಳು. ಆಗ ಮಾತ್ರ ನನಗೆ ಇದು ಆಟವಲ್ಲ ಎಂದು ತಿಳಿಯಿತು.

ನಮ್ಮ ಹಿಂದೆಯೇ ಖಾದರ್ ಚಾಚಾ ಬಂದ. ಲೂಟಿಯ ಮಾತು ಅವನ ಕಿವಿಗೂ ಬಿದ್ದಿತ್ತು. ಬಂದವನೇ ಪಡಸಾಲೆಯ ನಟ್ಟನಡುವೆ ಗೊಂಬೆಗಳನ್ನು ಸಾಲಾಗಿ ಕೂರಿಸಿದ. ಕಿಸೆ ತಡವಿ ಉಳಿದ ಚೂರುಗಳನ್ನು ಇಟ್ಟ. ಕೊನೆಗೆ ನೀಲಿ ಲಂಗಕ್ಕೆ ಇನ್ನೂ ಜೋತುಬಿದ್ದಿದ್ದ ಸೂಜಿಯನ್ನೂ ದಾರವನ್ನೂ ಬಿಡಿಸಿ ಪಕ್ಕದಲ್ಲಿಟ್ಟ. "ಸೂಜಿ ನಿಂದಲ್ಲೇನೋ?" ಎಂದು ಅಪ್ಪ ಕೇಳಿದರು. "ನಂದೇರೀ. ಆದ್ರ ಲೂಟಿ ಮಾಲಿನ ಜೋಡಿ ಬಂದದಲ್ರೀ" ಎಂದ ಚಾಚಾ. "ನಮ್ಮಲ್ಲಿ ಹಿರ್ಯಾರು ಹೇಳ್ಯಾರ. ಯುದ್ಧದಾಗ ಗೆದ್ದ ಮಾಲು ಯಾರೂ ಸೀದಾ ಮನಿಗಿ ಒಯ್ಯಂಗಿಲ್ಲ. ಎಲ್ಲಾ ನಡುವ ತಂದು ಇಡಬೇಕು. ಸೂಜಿ, ದಾರ ಇದ್ರೂ ಬಚ್ಚಿಡಂಗಿಲ್ಲ. ನಾ ದರ್ಜಿ ನೋಡ್ರಿ, ಅದೊಂದು ಮಾತು ಮರೆಯಾಕ ಆಗಂಗಿಲ್ಲ." ಇಷ್ಟು ಹೇಳಿ, ತಾನೇ ದಂಡಿನ ಜೊತೆ ಹೋಗಿ ಬಂದವನ ಹಾಗೆ ಗೊಂಬೆಗಳ ಪಕ್ಕ ಕೂತ.

ಹಿರಿಯರು ಆವರೆಗೂ ಮಲಗಿಯೇ ಇದ್ದರು. ಈಗ ನಿಧಾನ ಎದ್ದು ಗೋಡೆಗೆ ಒರಗಿದರು. "ಮಾಪಣ್ಣ, ಚಪ್ಪಲಿ ಬಿಡು, ಕುಂದ್ರು" ಅಂದರು. ಆಮೇಲೆ ನಮ್ಮತ್ತ ತಿರುಗಿ, "ನನ್ನ ಟವೆಲು ಯಾಕ ಬಿಟ್ರಿ?" ಎಂದು ಕೇಳಿದರು. ನಾನು ಸಾವಿತ್ರಿಯ ಹಿಂದೆ ಸರಿದೆ. ಸಾವಿತ್ರಿಯೇ ಹೇಳಿದಳು, "ನೀವು ಮಲಗಿದ್ದಿಲ್ಲಲ್ರೀ." ಹಿರಿಯರು ತಲೆಯಾಡಿಸಿದರು. "ಹೌದು, ಮಲಗಿದ್ದಿಲ್ಲ. ಇಬ್ಬರೂ ನನ್ನ ಎಡಕ್ಕ ಬಿಟ್ಟು ಸುತ್ತಿ ಹೋದ್ರಿ. ಕಾಲಿಗಿ ನಮಸ್ಕಾರನೂ ಮಾಡಿದ್ರಿ. ಈ ಕಥಿ ನಿಮಗ ಹೇಳಿದವರು ಯಾರು?" ನಾವು ಆಯಿಯತ್ತ ನೋಡಿದೆವು. ಆಯಿ ಸೆರಗು ತಲೆಗೆಳೆದುಕೊಂಡು ಬಾಗಿಲಲ್ಲಿ ನಿಂತಳು. ಹಿರಿಯರು ಕೇಳಿದರು, "ತಂಗೀ, ಆ ರಾಜಕುಮಾರಿಗಿ ಕುಣಿಯಾಕ ಕಲಿಸಿದಾಂವ ಯಾರವ್ವಾ?" ಆಯಿ ಬಾಯಿ ತೆರೆದಳು, ಮುಚ್ಚಿದಳು. ಬೇರೆ ದಾರಿ ಕಾಣದೆ, "ಇವರ ಮುತ್ಯಾರೀ" ಅಂದುಬಿಟ್ಟಳು.

ಮಾಪಣ್ಣ ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ನಮ್ಮ ಮುತ್ಯಾನ ಮೀಸೆಯತ್ತ ತಿರುಗಿದರು. "ಏನ್ರೀ ಯಜಮಾನ್ರ, ನೀವು ಸೀರಿ ಉಟಗೊಂಡು ಕುಣೀತಿದ್ರೇನು?" ಮುತ್ಯಾ ಕೆಮ್ಮಲು ನೋಡಿದ, ಕೆಮ್ಮು ಬರಲಿಲ್ಲ. ಜೀವನದಲ್ಲಿ ಅವನಿಗೆ ಕೆಮ್ಮು ಕೈಕೊಟ್ಟದ್ದು ಅದೊಂದೇ ಸಲ. ಮೊದಲು ನಕ್ಕವರು ಮಾಸ್ತರರು. ಒಂದೂವರೆ ಕಾಲಿನ ಪ್ಯಾಂಟಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಪ್ಪ, ಚಾಚಾ, ಬಾಗಿಲ ಮರೆಯ ಹೆಂಗಸರು. ಕೆಳಗೆ ಕೂತಿದ್ದ ರತ್ನತ್ತೆ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು. ಆ ನಗು ಕೇಳಿ ಮಾಸ್ತರರು ತಟ್ಟನೆ ನಗುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಿರಿಯರು ನಗು ಇಳಿಯುವವರೆಗೆ ಕಾದರು. ನಮ್ಮ ಕಡೆ ಮಳೆ ತಪ್ಪಿದಾಗ ಊರವರು ಕೂಡಿ ಓದಿಸುವುದು ಪುರಾಣದಲ್ಲಿ ದನ ಹೊಡೆದುಕೊಂಡು ಹೋದ ಆ ಭಾಗವನ್ನೇ. ಅರಕೇರಾದಲ್ಲಿ ಅದನ್ನು ಓದುತ್ತ ಬಂದವರು ಅವರೇ ಎಂದು ನಮಗೆ ಆಗ ತಿಳಿಯಿತು. "ಮಾಪಣ್ಣ, ನೀ ಅಂದದ್ದು ಖರೆ. ಇದು ಲೂಟೀನ" ಎಂದರು. "ಆದ್ರ ಯುದ್ಧದಾಗ ಗೆದ್ದವಗ ಕಣ್ಣು ಕಾಣಂಗಿಲ್ಲ. ಕೈಗಿ ಸಿಕ್ಕದ್ದೆಲ್ಲಾ ನಂದ ಅಂತಾನ. ಯಾವುದು ಮುಟ್ಟಬಾರದು ಅಂತ ಗೊತ್ತಿದ್ದು ಕೈ ಹಿಂದಕ್ಕ ತಗೊಂಡರ, ಅಲ್ಲಿ ಧರ್ಮ ಅದ. ಇಷ್ಟೀಟ ಕೂಸುಗಳಿಗಿ ಅದನ್ನ ಕಲಿಸ್ಯಾರ ಈ ಮನ್ಯಾಗ. ನನಗ ಈ ಮನಿ ಹೆಣ್ಣು ಬೇಕು. ನೌಕರಿನೂ ಮಾಡ್ಲಿ, ಕಥಿನೂ ಹೇಳ್ಲಿ. ರೊಟ್ಟಿ ನೀ ಬಡಿ." ಕೊನೆಯ ಮಾತು ಮಾಪಣ್ಣನಿಗೆ. ಆಮೇಲೆ ಹೆಗಲಿನ ಟವೆಲು ತೆಗೆದು, ಚಾಚಾ ಸಾಲಾಗಿಟ್ಟ ಗೊಂಬೆಗಳ ಪಕ್ಕ ಇಟ್ಟರು. "ಇದು ಲೂಟಿ ಅಲ್ಲ. ಇದು ನಾ ಕೊಟ್ಟದ್ದು."

ಪ್ಯಾಂಟಿನ ಗತಿ ಕೇಳುತ್ತೀರಿ. ಖಾದರ್ ಚಾಚಾ ಇನ್ನೊಂದು ಕಾಲನ್ನೂ ಅಷ್ಟೇ ಕತ್ತರಿಸಿ ಅಂಚು ಮಡಚಿ ಹೊಲಿದ. ಹೊಲಿಗೆ ಹಚ್ಚುವ ಮೊದಲು ನಡುವೆ ಇಟ್ಟಿದ್ದ ಸೂಜಿಯನ್ನು ಹಿರಿಯರ ಅಪ್ಪಣೆ ಪಡೆದೇ ಎತ್ತಿಕೊಂಡ. ಘಂಟೆ ಹೋಗಿ ಬರೀ ನಾಲಿಗೆಗಳೆರಡು ಉಳಿದ ಆ ಪ್ಯಾಂಟಿನಲ್ಲೇ ಮಾಸ್ತರರು ಸಂಜೆಯ ಬಸ್ಸು ಹತ್ತಿದರು. ಮದುವೆಯ ದಿನ ಸೆರಗಿಗೆ ಧೋತರದ ಗಂಟು ಹಾಕುವಾಗ ಅವರು ನಮ್ಮಿಬ್ಬರನ್ನು ದೂರ ಕೂರಿಸಲು ಹೇಳಿದರಂತೆ. ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಬಟ್ಟೆ ಬದಲಿಸಿ ಮಲಗುವ ಮೊದಲು, "ಕತ್ತರಿ ಎಲ್ಲದ ನೋಡ್ರಿ" ಎಂದು ಕೂಗುತ್ತಿದ್ದರು. ಅತ್ತೆ ಅರಕೇರಾದ ಹತ್ತಿರದ ಸಾಲೆಗೆ ವರ್ಗ ಮಾಡಿಸಿಕೊಂಡಳು. ಈಗ ನಮಗೆ ಮಾವನಾದ ಮಾಸ್ತರರು ನಿಜಕ್ಕೂ ರೊಟ್ಟಿ ಬಡಿಯುವುದನ್ನು ಕಲಿತರು. ದುಂಡಗೆ ಮಾತ್ರ ಕೊನೆಯವರೆಗೂ ಬರಲಿಲ್ಲ.

ನಾನು ರಾಯಚೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ವರ್ಷ ಮಾವ ಹೋದರು. ಸಾಲೆಯಿಂದ ಬಂದವರು ಎದೆ ನೋವು ಎಂದು ಗೋಡೆಗೆ ಮುಖ ಮಾಡಿ ಮಲಗಿದವರು, ಏಳಲಿಲ್ಲ. ನಾವೆಲ್ಲ ಅರಕೇರಾಕ್ಕೆ ಹೋದೆವು. ಸತ್ತವರ ಬಟ್ಟೆ ಮನೆಯಲ್ಲಿ ಉಳಿಯಬಾರದು ಎಂಬ ಪದ್ಧತಿ ನಡೆಸಲು ಮುದುಕರಾದ ಮಾಪಣ್ಣನೇ ಮುಂದೆ ನಿಂತರು. ಅಂಗಿ, ಪ್ಯಾಂಟು, ಮದುವೆಯ ಧೋತರ, ಕರ್ಚೀಫು ಸಹ ಬಿಡದೆ ಗಂಟು ಕಟ್ಟಿ ಕೊಟ್ಟು ಕಳಿಸಿದರು. ಅತ್ತೆ ನೋಡುತ್ತ ಕೂತಿದ್ದಳು. ಗಂಟು ಬಾಗಿಲು ದಾಟಿದ ಮೇಲೆ ನನ್ನ ಕೈ ಹಿಡಿದು, "ಆ ನೀಲಿ ಲಂಗದ ಗೊಂಬಿ ನಿನ್ನ ಹತ್ರ ಅದ ಏನು?" ಎಂದು ಕೇಳಿದಳು. ನಾನು ಮರುದಿನವೇ ದೇವದುರ್ಗದಿಂದ ತಂದುಕೊಟ್ಟೆ. ಅದನ್ನು ಅತ್ತೆಯ ಮಡಿಲಲ್ಲಿ ಕಂಡ ಹೆಂಗಸೊಬ್ಬಳು, ಆ ಲಂಗವೂ ಸತ್ತವರದೇ ಅರಿವೆ ಅಲ್ಲವೇ, ಇಟ್ಟುಕೊಳ್ಳಬಾರದು ಎಂದಳು. ಮಾಪಣ್ಣ ಗದರಿಕೊಂಡರು. "ಅದು ಲೂಟಿ ಮಾಲು. ಅದಕ್ಕ ಪದ್ಧತಿ ಹತ್ತಂಗಿಲ್ಲ" ಎಂದು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಆಯಿ ನನ್ನ ಪಕ್ಕ ಕೂತಿದ್ದಳು. ಈ ಸಲ ನಾನು ಕೇಳದಿದ್ದರೂ ಹೇಳಿದಳು. "ಆ ರಾಜನ ಮಗಳನ್ನ ನಿಮ್ಮ ಮುತ್ಯಾ ತನ್ನ ಮಗಗ ತಂದುಕೊಂಡ. ದೊಡ್ಡ ಯುದ್ಧಕ್ಕ ಗಂಡ ಹೊಂಟಾಗ ಆಕಿ ಅರಿವಿ ತಾ ಅನ್ನಲಿಲ್ಲವ್ವಾ. ನೀನ ಬಾ ಅಂದಳು." ಅವನು ಬರಲಿಲ್ಲವೆಂದು ನನಗೆ ಅಷ್ಟರಲ್ಲಿ ಗೊತ್ತಿತ್ತು.

ಈಗ ಆಯಿ ಇಲ್ಲ, ಮುತ್ಯಾ ಇಲ್ಲ. ಖಾದರ್ ಚಾಚಾನ ಮಷೀನು ಯಾವ ಗುಜರಿಗೆ ಹೋಯಿತೋ. ನಮ್ಮ ಪಡಸಾಲೆ ಇದ್ದ ಜಾಗದಲ್ಲಿ ಮೊಬೈಲು ಮಾರುವ ಅಂಗಡಿಗಳಿವೆ, ಮಧ್ಯಾಹ್ನ ಅಲ್ಲಿ ಯಾರೂ ಮಲಗುವುದಿಲ್ಲ. ಇಷ್ಟೆಲ್ಲವನ್ನೂ ಹೊತ್ತುಕೊಂಡು ಹೋದದ್ದು ಯಾವ ದಂಡು, ಅದರ ದೊರೆ ಯಾರು ಎಂದು ಯಾರನ್ನು ಕೇಳಲಿ? ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಸೂಜಿ ದಾರವನ್ನೂ ಬಿಡದೆ ಒಯ್ದಿದ್ದಾರೆ, ನಡುವೆ ತಂದು ಇಟ್ಟವರೊಬ್ಬರೂ ಇಲ್ಲ.

ಟ್ರಂಕು ಕೊಟ್ಟು ಹೋಗುವಾಗ ಅತ್ತೆಯ ಮಗಳು ಬಾಗಿಲಲ್ಲಿ ನಿಂತು ಹೇಳಿದ್ದಳು: ಅವ್ವನ ಸೀರೆಗಳನ್ನೆಲ್ಲ ಪದ್ಧತಿಯಂತೆ ಕೊಟ್ಟುಬಿಟ್ಟೆವು, ಮದುವೆಯ ಇಳಕಲ್ ಸೀರೆಯ ಸೆರಗಿನ ಮೂಲೆ ಮಾತ್ರ ಇರಲಿಲ್ಲ, ಇಲಿ ಕಡಿದಿರಬೇಕು ಎಂದು. ನಾನೂ ಇರಬಹುದು ಅಂದಿದ್ದೆ. ಈಗ ಹಿರಿಯರ ಆ ಹಳೆಯ ಟವೆಲು ಬಿಚ್ಚಿ ನೋಡಿದರೆ, ನೀಲಿ ಲಂಗದ ಮೇಲಿಂದ ಗೊಂಬೆಯ ಹೆಗಲಿಗೆ ಕೆಂಪು ಇಳಕಲ್ ಸೆರಗು. ಇಲಿ ಅಷ್ಟು ನೇರವಾಗಿ ಕಡಿಯುವುದಿಲ್ಲ, ಕಡಿದ ಅಂಚಿಗೆ ಕಸೂತಿ ಹಾಕುವುದೂ ಇಲ್ಲ. ಸೆರಗಿನ ತುದಿಯನ್ನು ನೀಲಿ ಲಂಗದ ಅಂಚಿಗೆ ಸಣ್ಣದೊಂದು ಗಂಟು ಹಾಕಿ ಕಟ್ಟಿದ್ದಳು. ಗಂಟು ಕಟ್ಟುವವರು ಬಂದು ಒಯ್ಯುವ ಮೊದಲೇ, ಜೀವ ಇರುವಾಗಲೇ, ಅತ್ತೆ ತನ್ನ ಪಾಲನ್ನು ತಾನೇ ಕತ್ತರಿಸಿ ತೆಗೆದಿಟ್ಟಿದ್ದಳು. ನಾನು ನಕ್ಕೆ, ಆಮೇಲೆ ತುಂಬ ಹೊತ್ತು ಅಳುತ್ತ ಕೂತೆ. ಗೊಂಬೆಯನ್ನು ಮತ್ತೆ ಟ್ರಂಕಿನಲ್ಲಿ ಬಚ್ಚಿಡಲು ಮನಸ್ಸಾಗಲಿಲ್ಲ. ಮನೆಯ ನಡುವೆ, ಬಂದವರಿಗೆಲ್ಲ ಕಾಣುವ ಹಾಗೆ ಕೂರಿಸಿದ್ದೇನೆ.